ಸ್ಪೈನಲ್ (ಬೆನ್ನಿಗೆ ಕೊಡೂ ಅರಿವಳಿಕಿ) ಇಳಿದ ಮ್ಯಾಲೆ ರಾತ್ರಿ ನೋವು: ಎಸ್‌ಓಎಸ್ (ಬೇಕಾದಾಗ ಮಾತ್ರ ಕೊಡೂದು) ಆರ್ಡರ್ ಸಾಕೇನ್ರಿ?

ಜಮಖಂಡಿ_ಸಿಸ್ಟರ್:
ಹರ್ನಿಯಾ, ಗರ್ಭಕೋಶದ ಆಪರೇಷನ್ ಆದವ್ರನ್ನ ಸಂಜಿ ರೌಂಡ್ಸ್‌ನ್ಯಾಗ ಕೇಳಿದ್ರ "ಏನಿಲ್ರಿ, ಆರಾಮ ಅದೀನಿ" ಅಂತಾರ. ರಾತ್ರಿ ನರಳಾಟ ಸುರು. ಕೇಸ್‌ಶೀಟ್‌ನ್ಯಾಗ ನೋವಿನ ಔಷಧ ಟ್ರಮಡಾಲ್ ಎಸ್‌ಓಎಸ್ ಅಂತ ಅಷ್ಟ ಇರತೈತಿ. ವಯಸ್ಸಾದವ್ರಿಗೆ ನೋವಿನ 0 ರಿಂದ 10ರ ಸ್ಕೋರ್ ತಿಳಿಯೂದಿಲ್ಲ. ನೀವು ಹೆಂಗ ಮಾಡ್ತೀರಿ?

ವಿಜಯಪುರ_ಪೋಸ್ಟ್‌ಆಪ್:
ಅಕ್ಕಾರ, ಸಂಜಿ ಆರಾಮ ಅನ್ನೋದು ಸ್ಪೈನಲ್ ಇನ್ನೂ ಪೂರ್ತಿ ಇಳಿದಿರೂದಿಲ್ಲ ಅಂತ. ಕಾಲು ಆಡಸಾಕ ಬಂತಂದ್ರ ನೋವು ಹಿಂದಿಂದನ ಬರತೈತಿ. ಅಷ್ಟರಾಗ ಮೊದಲನೇ ಪ್ಯಾರಾಸಿಟಮಾಲ್ ಹೋಗಿರಬೇಕು. ಡಾಕ್ಟರಿಗೆ ಹೇಳಿ ಎಸ್‌ಓಎಸ್ ಬದಲಿ ಟೈಮ್ ಹಚ್ಚಿ ಬರಸ್ರಿ: 50 ಕೆಜಿ ದಾಟಿದವ್ರಿಗೆ 1 ಗ್ರಾಂ, 6 ತಾಸಿಗೊಮ್ಮೆ, 15 ನಿಮಿಷದ ಡ್ರಿಪ್. ಅದಕ್ಕಿಂತ ಸಣಕಲ ಇದ್ದವ್ರಿಗೆ ಕೆಜಿಗೆ 15 ಮಿಗ್ರಾಂ. ದಿನಕ್ಕ 4 ಗ್ರಾಂ ದಾಟಬಾರದು, ಸಣಕಲ ಇದ್ದವ್ರಿಗೆ, ಲಿವರ್ ತೊಂದರಿ ಇದ್ದವ್ರಿಗೆ ಇನ್ನೂ ಕಡಿಮಿ. ಲೆಕ್ಕ ತಪ್ಪೂದು ಎಲ್ಲಿ ಅಂದ್ರ, ಜ್ವರಕ್ಕಂತ ಡೋಲೋ ಗುಳಿಗಿ ಬ್ಯಾರೆ ಕೊಟ್ಟಿರತಾರ. ಅದೂ ಪ್ಯಾರಾಸಿಟಮಾಲೇ.

ಮಲಗಿದಾಗ ಹೇಳಿದ ಸ್ಕೋರ್ ನಂಬಬ್ಯಾಡ್ರಿ. ಕೆಮ್ಮಸ್ರಿ, ಮಗ್ಗಲಾ ಹೊಳ್ಳಸ್ರಿ, ಆಗ ಕೇಳ್ರಿ. "ಆಯಿ, ಹದಿನಾರಾಣೆದಾಗ ಎಷ್ಟಾಣೆ ಬ್ಯಾನಿ ಐತಿ?" ಅಂದ್ರ ಥಟ್ಟನ ಹೇಳ್ತಾರ. ಎಂಟಾಣೆ ಅಂದ್ರ 5, ಹನ್ನೆರಡಾಣೆ ಅಂದ್ರ 7-8.

ಬೆಳಗಾವಿ_ವಾರ್ಡ್:
ಆಣೆ ಲೆಕ್ಕ ಭಾಳ ಚಲೋ. ಚಾರ್ಟ್‌ನ್ಯಾಗ ಮಾತ್ರ 10ರ ಮ್ಯಾಲೇ ಬರೀರಿ, ಇಲ್ಲಾಂದ್ರ ಮುಂದಿನ ಡ್ಯೂಟಿಯವ್ರಿಗೆ ಗೊಂದಲ.

ಟ್ರಮಡಾಲ್ ಗಡಬಡಿಲೆ ಪುಶ್ ಮಾಡಿದ್ರ ವಾಂತಿ ಗ್ಯಾರಂಟಿ, ವಾಂತಿ ಆದ್ರ ಹೊಲಿಗಿ ಜಗ್ಗತೈತಿ, ನೋವು ದುಪ್ಪಟ್ಟು. 100 ಎಂಎಲ್ ಸಲೈನ್‌ನ್ಯಾಗ ಹಾಕಿ 20 ನಿಮಿಷ ಬಿಡ್ರಿ. ಫಿಟ್ಸ್ ಇದ್ದವ್ರಿಗೆ ಕೊಡೂ ಮೊದಲ ಡಾಕ್ಟರನ್ನ ಕೇಳ್ರಿ. ನೋವಿನ ಔಷಧ ಡೈಕ್ಲೋಫೆನಾಕ್ ಬರೆದಿದ್ರ ಕ್ರಿಯಾಟಿನಿನ್ (ಕಿಡ್ನಿಯ ರಕ್ತಪರೀಕ್ಷೆ) ನೋಡ್ರಿ. ಇಂಜೆಕ್ಷನ್ ಆಗಿ 30 ನಿಮಿಷಕ್ಕ, ಗುಳಿಗಿ ಆದ್ರ 1 ತಾಸಿಗೆ ಮತ್ತ ಸ್ಕೋರ್ ಕೇಳಬೇಕು. ಈ ಎರಡನೇ ಸ್ಕೋರ್ ಇಲ್ಲದ ಚಾರ್ಟ್ ನೋಡಿದ್ರ ಡಾಕ್ಟರಿಗೆ ಔಷಧ ಹತ್ತಿತೋ ಇಲ್ಲೋ ತಿಳಿಯೂದ ಇಲ್ಲ.

ಮಾರ್ಫಿನ್, ಟ್ರಮಡಾಲ್ ಹೋದವ್ರ ಉಸಿರು ಪೂರ್ತಿ ಒಂದು ನಿಮಿಷ ಎಣಸ್ರಿ. ಉಸಿರು ಇಳಿಯೂಕಿಂತ ಮೊದಲ ಮಂಪರು ಬರತೈತಿ. ಮಾತಾಡ್ತಾ ಕಣ್ಣ ಮುಚ್ಚಿದ್ರ ಮುಂದಿನ ಡೋಸ್ ತಡೀರಿ, ಡಾಕ್ಟರಿಗೆ ಫೋನ್ ಹಚ್ರಿ.

ಬಾಗಲಕೋಟೆ_ಸ್ಟಾಫ್:
ಸೂಜಿ ತಗೊಳ್ಳೂ ಮೊದಲ ಹೊಕ್ಕಳ ಕೆಳಗ ಕೈ ಇಟ್ಟು ನೋಡ್ರಿ. ಸ್ಪೈನಲ್ ಆದವ್ರಿಗೆ ಮೂತ್ರ ಕಟ್ಟೂದು ಸಾಮಾನ್ಯ. ಕ್ಯಾತಿಟರ್ (ಮೂತ್ರದ ನಳಿಗಿ) ಇದ್ರೂ ಟ್ಯೂಬ್ ಮಡಚಿರಬಹುದು. ಮೂತ್ರಕೋಶ ತುಂಬಿ ಬಿಗದಿದ್ರ ಯಾವ ಇಂಜೆಕ್ಷನ್ನೂ ತಾಗೂದಿಲ್ಲ.

ನೋವು ಒಮ್ಮಿಂದೊಮ್ಮೆ ಏರಿ, ನಾಡಿ ಜೋರಾಗಿ, ಬಿಪಿ ಇಳೀತಿದ್ರ ಒಳಗ ರಕ್ತ ಹೋಗ್ತಿರಬಹುದು. ಡ್ರೆಸ್ಸಿಂಗ್, ಡ್ರೇನ್ (ಗಾಯದಿಂದ ರಕ್ತ ಹೊರಗ ಹೋಗೂ ನಳಿಗಿ) ನೋಡ್ಕೋತ ಆಗಿಂದಾಗ ಸರ್ಜನ್‌ಗೆ ಕರೀರಿ, ಬೆಳಗಿನ ರೌಂಡ್ಸ್ ತನಕ ಕಾಯಬ್ಯಾಡ್ರಿ.