‘ಟರ್ಮಿನಲ್’, ‘ಶೆಲ್’: ಎರಡಕ್ಕೂ ಬೇರೆ ಬೇರೆ ಕನ್ನಡ ಪದ ಬೇಕಲ್ಲವೇ?

ಮಾನ್ಯರೇ,

ಕುಂಬಳೆಯ ಸಮೀಪದ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ನಾನು ಕಂಪ್ಯೂಟರ್ ಕಲಿಸುತ್ತೇನೆ. ಕೇರಳದ ಶಾಲೆಗಳಲ್ಲಿ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆ ಬಳಕೆಯಲ್ಲಿರುವುದರಿಂದ, ಆದೇಶಗಳನ್ನು ಟೈಪ್ ಮಾಡುವ ಕಿಟಕಿಯಾದ ಟರ್ಮಿನಲ್ ನಮ್ಮ ಮಕ್ಕಳಿಗೆ ಹೊಸದಲ್ಲ; ಅದರ ಬಗ್ಗೆ ಕನ್ನಡದಲ್ಲಿ ಹೇಳಹೊರಟಾಗಲೇ ತೊಡಕು.

ಕಳೆದ ವಾರ ಒಬ್ಬ ವಿದ್ಯಾರ್ಥಿನಿ ಟರ್ಮಿನಲ್‌ನಲ್ಲಿ ಕಡತಗಳ ಪಟ್ಟಿ ತೆಗೆದಾಗ, ‘ಪ್ರಶ್ನೆಪತ್ರಿಕೆ’ ಎಂಬ ಹೆಸರಿನಲ್ಲಿ ನಕಾರದ ಒತ್ತು ತನ್ನ ಜಾಗ ಬಿಟ್ಟು ಪಕ್ಕದ ಅಕ್ಷರಕ್ಕೆ ತಾಗಿಕೊಂಡಿತ್ತು. ‘ಟರ್ಮಿನಲ್‌ನ ಸೆಟ್ಟಿಂಗ್ ಸರಿಮಾಡು’ ಎಂದೆ. ಆಕೆ ಬ್ಯಾಶ್‌ಆರ್‌ಸಿ ಎಂಬ ಸೆಟ್ಟಿಂಗ್ ಕಡತವನ್ನು ತೆರೆದು ಅರ್ಧ ಗಂಟೆ ತಿದ್ದಿದಳು. ಒತ್ತು ಸರಿಹೋಗಲಿಲ್ಲ, ಆದೇಶದ ಸಾಲಿನ ಆರಂಭದಲ್ಲಿ ಕಾಣುವ ಪ್ರಾಂಪ್ಟಿನ ಬಣ್ಣ ಮಾತ್ರ ಹೋಯಿತು. ತಪ್ಪು ನನ್ನ ಮಾತಿನದು. ಆ ಕಡತ ಶೆಲ್‌ಗೆ, ಅಂದರೆ ನಾವು ಕೊಟ್ಟ ಆದೇಶವನ್ನು ಓದಿ ನಡೆಸುವ ಬ್ಯಾಶ್‌ಗೆ ಸೇರಿದ್ದು. ಅಕ್ಷರಗಳನ್ನು ಸಮಾನ ಅಗಲದ ಮನೆಗಳಲ್ಲಿ ಕೂರಿಸಿ ತೋರಿಸುವ ಕಿಟಕಿ ಬೇರೆಯೇ ಆದ ತಂತ್ರಾಂಶವಾಗಿದ್ದು, ಅದರ ಫಾಂಟು, ಬಣ್ಣಗಳೆಲ್ಲ ಅದರದೇ ಪ್ರೊಫೈಲಿನಲ್ಲಿರುತ್ತವೆ. ಹೆಸರಿನ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳು ಕಂಡರೆ ಲೊಕೇಲ್, ಅಂದರೆ ಭಾಷೆಯ ಸೆಟ್ಟಿಂಗ್, ಎಲ್ಲ ಲಿಪಿಗಳಿಗೂ ಒಗ್ಗುವ ಯುಟಿಎಫ್-8 ಸಂಕೇತ ಪದ್ಧತಿಯದೇ ಎಂದು ನೋಡಬೇಕು. ಅದೇ ಹೆಸರು ಫೈಲ್ ಮ್ಯಾನೇಜರ್‌ನಲ್ಲಿ ನೆಟ್ಟಗಿದ್ದು ಇಲ್ಲಿ ಒತ್ತಷ್ಟೇ ಚದುರಿದ್ದರೆ ದೋಷ ಕಿಟಕಿಯದು. ಪ್ರೊಫೈಲಿನಲ್ಲಿ ಫಾಂಟು ಬದಲಿಸಿದಾಗ ಸ್ವಲ್ಪ ಸುಧಾರಿಸಿತು. ಆದರೆ ಸಮಾನ ಅಗಲದ ಮನೆಗೆ ನಮ್ಮ ಒತ್ತಕ್ಷರಗಳು ಪೂರ್ತಿ ಒಗ್ಗುವುದಿಲ್ಲ.

ಈಗ ಪದದ ವಿಚಾರ. ಕಾರ್ಯಾಚರಣಾ ವ್ಯವಸ್ಥೆಯ ಒಳಭಾಗವಾದ ಕರ್ನೆಲ್‌ಗೆ ‘ತಿರುಳು’ ಎನ್ನುವುದಾದರೆ, ಅದನ್ನು ಸುತ್ತುವರಿದ ಶೆಲ್‌ಗೆ ‘ಕರಟ’ ಸಹಜವಾದ ಜೋಡಿ. ನಮ್ಮ ಕಡೆ ಹವ್ಯಕರ ಮನೆಗಳಲ್ಲಿ ಅದು ‘ಗೆರಟೆ’, ಮಲಯಾಳದಲ್ಲಿ ‘ಚಿರಟ್ಟ’. ಆದ್ದರಿಂದ ತರಗತಿಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ. ‘ಚಿಪ್ಪು’ ಎಂಬುದನ್ನು ನಾನು ಒಪ್ಪಲಾರೆ, ಏಕೆಂದರೆ ‘ಚಿಪ್ಪಿನಲ್ಲಿ’ ಎಂದೊಡನೆ ಮಕ್ಕಳು ಎಲೆಕ್ಟ್ರಾನಿಕ್ ಚಿಪ್ ಎಂದೇ ತಿಳಿಯುತ್ತಾರೆ.

ಟರ್ಮಿನಲ್ ಕಿಟಕಿಯ ಪೂರ್ಣ ಹೆಸರು ‘ಟರ್ಮಿನಲ್ ಎಮ್ಯುಲೇಟರ್’. ಅದರಲ್ಲಿ ಎಮ್ಯುಲೇಟರ್ ಎಂಬುದು ಇನ್ನೂ ಕಠಿಣ. 1978ರಲ್ಲಿ ಡಿಇಸಿ ಕಂಪನಿ ಹೊರತಂದ ವಿಟಿ-100ರಂತಹ ಟರ್ಮಿನಲ್‌ಗಳು ಪರದೆ, ಕೀಲಿಮಣೆಗಳಿದ್ದ ನಿಜವಾದ ಯಂತ್ರಗಳು. ಇಂದಿನ ಕಿಟಕಿ ಅಂತಹ ಯಂತ್ರದ ಸ್ಥಾನದಲ್ಲಿ ನಿಂತು, ಅದರ ಸಂಕೇತಗಳಿಗೆ ಅದರಂತೆಯೇ ನಡೆದುಕೊಳ್ಳುತ್ತದೆ. ‘ಅನುಕರಣೆ’ ಎಂದರೆ ಈ ಸ್ಥಾನ ವಹಿಸುವ ಅರ್ಥ ಬರುವುದಿಲ್ಲ, ಸ್ಥಾನ ವಹಿಸದೆ ಮಾದರಿಯನ್ನಷ್ಟೇ ತೋರಿಸುವ ಸಿಮ್ಯುಲೇಟರ್‌ಗೂ ಅದೇ ಪದ ಹೊಂದಿಕೊಂಡುಬಿಡುತ್ತದೆ. ಬದಲಿ ಅಧ್ಯಾಪಕರು ಎನ್ನುವ ಹಾಗೆ ‘ಬದಲಿ ಟರ್ಮಿನಲ್’ ಎನ್ನಬಹುದೇ? ದಿನಬಳಕೆಗೆ ‘ಟರ್ಮಿನಲ್ ಕಿಟಕಿ’ ಸಾಕೆಂದು ನನಗೆ ತೋರುತ್ತದೆ. ಎಮ್ಯುಲೇಟರ್ ಮತ್ತು ಸಿಮ್ಯುಲೇಟರ್‌ಗಳನ್ನು ಬೇರ್ಪಡಿಸುವ ಪದಜೋಡಿಯನ್ನು ಪಾಠ ಹೇಳುವಾಗ ಬಳಸಿ ನೋಡಿದವರಿದ್ದರೆ ದಯವಿಟ್ಟು ತಿಳಿಸಿ.