ಸೀ ಟ್ರೌಟ್ ಹಿಡಿಯುವ ಸ್ಪೂನ್‌ಗಳು ನಮ್ಮ ಅಳಿವೆಯ ಕಾಳಾಂಜಿಗೆ ಆದೀತೇ?

ಪ್ರಶ್ನೆ: ಮೊಗ್ರಾಲ್ ಹೊಳೆಬದಿ

ಎಲ್ಲರಿಗೂ ನಮಸ್ಕಾರ. ಡೆನ್ಮಾರ್ಕಿನಲ್ಲಿ ಉದ್ಯೋಗದಲ್ಲಿರುವ ನನ್ನ ಭಾವನವರು ಈ ಸಲ ಊರಿಗೆ ಬರುವಾಗ, ಅಲ್ಲಿಯವರು ಕಡಲ ಕರೆಯಲ್ಲೂ ಅಳಿವೆಗಳಲ್ಲೂ ಸೀ ಟ್ರೌಟ್ ಮೀನು ಹಿಡಿಯಲು ಬಳಸುವ ಲೂರ್‌ಗಳ, ಅಂದರೆ ಕೃತಕ ಎರೆಗಳ, ಒಂದು ಡಬ್ಬಿಯನ್ನೇ ತಂದುಕೊಟ್ಟಿದ್ದಾರೆ. ಅದರಲ್ಲಿ 12 ಗ್ರಾಂನಿಂದ 28 ಗ್ರಾಂವರೆಗಿನ, ಬೆಳ್ಳಿ, ತಾಮ್ರ ಮತ್ತು ಹಸಿರು-ಬಿಳಿ ಬಣ್ಣದ, ಚಮಚದಾಕಾರದ ಲೋಹದ ಸ್ಪೂನ್‌ಗಳಿವೆ. ಇನ್ನು ಕೆಲವು ಲೂರ್‌ಗಳಿಗೆ ಮೂತಿಯಿಂದ ಬಾಲದವರೆಗೆ ತೂತು ಕೊರೆದಿದ್ದು, ದಾರವನ್ನು ಅದರೊಳಗಿಂದ ದಾಟಿಸಿ ಹಿಂದಿನ ತುದಿಗೆ ಗಾಳ ಕಟ್ಟಬೇಕೆಂದು ಅವರು ತೋರಿಸಿಕೊಟ್ಟರು. ನಾನು ಇದುವರೆಗೆ ಜೀವಂತ ಸಿಗಡಿಯನ್ನು ಪೋಣಿಸಿ ಕೈದಾರದಲ್ಲಿಯೇ ಮೀನು ಹಿಡಿದವನು. ರಾಡು ಮತ್ತು ರೀಲು ಕೈಗೆ ಬಂದದ್ದು ಇತ್ತೀಚೆಗೆ.

ಕಾಸರಗೋಡಿನ ಮೊಗ್ರಾಲ್ ಮತ್ತು ಚಂದ್ರಗಿರಿ ಹೊಳೆಗಳ ಅಳಿವೆಗಳಲ್ಲಿ ಕಾಳಾಂಜಿಗೂ ಚೆಂಬಲ್ಲಿಗೂ ಇವನ್ನು ಬಳಸಬಹುದೇ, ಬಳಸುವುದಾದರೆ ಯಾವ ತೂಕ ಮತ್ತು ಯಾವ ಬಣ್ಣದಿಂದ ಆರಂಭಿಸಬೇಕು, ಎಳೆಯುವ ಕ್ರಮ ಹೇಗಿರಬೇಕು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ: ತಳಂಗರೆ ಕಡವು

ಖಂಡಿತ ಬಳಸಬಹುದು, ಆದರೆ ಅಲ್ಲಿಯವರು ಎಳೆಯುವ ಹಾಗೆ ಇಲ್ಲಿ ಎಳೆದರೆ ಫಲ ಕಡಿಮೆ. ಅದಕ್ಕೆ ಕಾರಣ ಎರಡು ಮೀನುಗಳ ಬದುಕಿನಲ್ಲಿಯೇ ಇದೆ. ಸೀ ಟ್ರೌಟ್ ಎಂಬುದು ಬೇರೆ ಜಾತಿಯಲ್ಲ. ಹೊಳೆಗಳಲ್ಲಿರುವ ಬ್ರೌನ್ ಟ್ರೌಟ್ ಮೀನೇ ಎಳವೆಯಲ್ಲಿ ಬೆಳ್ಳಿಬಣ್ಣಕ್ಕೆ ತಿರುಗಿ, ಕಡಲಿಗಿಳಿದು, ಅಲ್ಲಿ ತಿಂದು ಕೊಬ್ಬಿ, ಮೊಟ್ಟೆಯಿಡಲು ಮತ್ತೆ ಹೊಳೆಯನ್ನು ಏರುತ್ತದೆ. ಕಾಳಾಂಜಿಯ ದಾರಿ ಇದಕ್ಕೆ ತೀರ ವಿರುದ್ಧ. ಅದು ಹೊಳೆ ಹಿನ್ನೀರುಗಳಲ್ಲಿ ಬೆಳೆದು, ಮೊಟ್ಟೆಯಿಡುವ ಕಾಲಕ್ಕೆ ಅಳಿವೆಯ ಉಪ್ಪುನೀರಿಗೆ ಇಳಿಯುತ್ತದೆ. ಅದರ ಮರಿಗಳು ಕಾಂಡ್ಲಾ (ಮ್ಯಾಂಗ್ರೋವ್) ಬೇರುಗಳ ನಡುವೆ ಮತ್ತು ತಗ್ಗು ಗದ್ದೆಗಳ ತೋಡುಗಳಲ್ಲಿ ಬೆಳೆಯುತ್ತವೆ.

ಹೀಗಾಗಿ ಅಳಿವೆಯಲ್ಲಿ ಸಿಗುವ ಸೀ ಟ್ರೌಟ್ ಬಹುಮಟ್ಟಿಗೆ ದಾರಿಯಲ್ಲಿರುವ ಮೀನು. ಅದು ಉಬ್ಬರದೊಂದಿಗೆ ಒಳಗೆ ಬಂದು, ಪಾಚಿಯ ಮೇಲೂ ಮರಳಿನ ಅಂಚಿನಲ್ಲೂ ಸಣ್ಣ ಮೀನುಗಳನ್ನು ಅಟ್ಟುತ್ತ ಸಾಗುತ್ತಿರುತ್ತದೆ. ಅದು ಎಲ್ಲಿದೆ ಎಂಬುದು ಗೊತ್ತಿಲ್ಲದ ಕಾರಣ ಅಲ್ಲಿಯವರು ದೂರಕ್ಕೆ ಹಾರುವ ಉದ್ದನೆಯ, ತೆಳ್ಳನೆಯ ಲೂರ್ ಕಟ್ಟಿ, ಒಂದೊಂದು ಎಸೆತಕ್ಕೂ ಎರಡು ಹೆಜ್ಜೆ ಮುಂದೆ ನಡೆಯುತ್ತ ನೀರನ್ನೆಲ್ಲ ಜಾಲಾಡುತ್ತಾರೆ. ಹಿಂಬಾಲಿಸಿ ಬರುವ ಟ್ರೌಟ್ ಕಚ್ಚಬೇಕಾದರೆ ಲೂರ್‌ನ ವೇಗವನ್ನು ಒಮ್ಮೆಲೆ ಹೆಚ್ಚಿಸುವುದು ಅಲ್ಲಿನ ಸಾಮಾನ್ಯ ಉಪಾಯ.

ಕಾಳಾಂಜಿ ಅಟ್ಟುವುದಕ್ಕಿಂತ ಹೆಚ್ಚಾಗಿ ಹೊಂಚು ಹಾಕುವ ಮೀನು. ಚಂದ್ರಗಿರಿ ಸೇತುವೆಯ ಕಂಬಗಳನ್ನು ಇಳಿತದ ಹೊತ್ತಿಗೆ ಗಮನಿಸಿ ನೋಡಿ. ಕಂಬಕ್ಕೆ ಬಡಿದು ಎರಡಾಗಿ ಸೀಳುವ ನೀರಿನ ಹಿಂದೆ ಒಂದು ಮೊಳ ಅಗಲದ ಸುಮ್ಮನಿರುವ ನೀರು ಉಳಿಯುತ್ತದೆ. ಕಸಕಡ್ಡಿ, ನೊರೆ ಅಲ್ಲಿ ನಿಧಾನವಾಗಿ ಸುತ್ತುತ್ತಿರುತ್ತವೆ, ಹರಿಯುವ ನೀರಿನ ಅಂಚಿನಲ್ಲಿ ಮಾಲ ಮೀನಿನ ಮರಿಗಳು ಒಂದರ ಹಿಂದೆ ಒಂದು ಜಾರಿ ಬರುತ್ತವೆ. ಮೀನು ಇರುವುದು ಆ ಸುಮ್ಮನಿರುವ ನೀರಿನಲ್ಲಿ, ಅದರ ಮುಖ ಪ್ರವಾಹದ ಕಡೆಗೆ. ಆದ್ದರಿಂದ ಲೂರ್ ಅನ್ನು ಕಂಬಕ್ಕಿಂತ ಮೇಲ್ಗಡೆಗೆ ಎಸೆದು, ದಾರವನ್ನು ಬಿಗಿಯಾಗಿಟ್ಟುಕೊಂಡು, ಪ್ರವಾಹವೇ ಅದನ್ನು ಕಂಬದ ಪಕ್ಕದಿಂದ ತೇಲಿಸಿಕೊಂಡು ಹೋಗುವಂತೆ ಮಾಡಬೇಕು. ಇಲ್ಲಿ ನೂರು ಮೀಟರ್ ದೂರಕ್ಕೆ ಎಸೆಯಬಲ್ಲವನಿಗಿಂತ, ಇಪ್ಪತ್ತು ಮೀಟರ್ ದೂರದ ಕಂಬದ ಪಕ್ಕಕ್ಕೆ ಗೇಣು ತಪ್ಪದಂತೆ ಎಸೆಯಬಲ್ಲವನಿಗೆ ಮೀನು ಸಿಗುತ್ತದೆ.

ಎಳೆಯುವಾಗ ನಡುನಡುವೆ ನಿಲ್ಲಿಸಲೇಬೇಕು. ಕಾಳಾಂಜಿ ಬಾಯಿಯನ್ನು ಥಟ್ಟನೆ ಅಗಲಿಸಿ ನೀರಿನ ಸಮೇತ ಎರೆಯನ್ನು ಒಳಗೆ ಎಳೆದುಕೊಳ್ಳುತ್ತದೆ. ಓಡುತ್ತಿರುವ ಸ್ಪೂನ್‌ಗಿಂತ, ಎರಡು ಸುತ್ತು ಎಳೆದು ಬಿಟ್ಟಾಗ ಹೊಳೆಯುತ್ತ ಓಲಾಡುತ್ತ ಕೆಳಗಿಳಿಯುವ ಸ್ಪೂನ್ ಅದಕ್ಕೆ ಸುಲಭದ ತುತ್ತು. ಹಾಗೆ ಇಳಿಯುವಾಗ ದಾರದ ಮೇಲೆ ಕಣ್ಣಿರಲಿ, ಏಕೆಂದರೆ ಕಚ್ಚಿದ್ದು ಕೈಗೆ ತಿಳಿಯುವ ಮೊದಲೇ ದಾರ ಪಕ್ಕಕ್ಕೆ ಸರಿದಿರುತ್ತದೆ. ತೂಕದ ಮಟ್ಟಿಗೆ 12ರಿಂದ 18 ಗ್ರಾಂ ಸಾಕು. 28 ಗ್ರಾಂನದು ಗಾಳಿಗೆದುರಾಗಿ ಕಡಲಿಗೆ ಎಸೆಯಲು ಮಾಡಿದ್ದು. ನಮ್ಮ ಆಳವಿಲ್ಲದ ಅಳಿವೆಗಳಲ್ಲಿ ಅದು ನೇರವಾಗಿ ತಳಕ್ಕಿಳಿದು ಕಲ್ಲಿಗೋ ಹರಿದ ಬಲೆಗೋ ಸಿಕ್ಕಿಕೊಳ್ಳುತ್ತದೆ.

ಉತ್ತರ: ಕೀಯೂರಿನ ಓದುಗ

ಮೇಲಿನವರು ಹೇಳಿದ್ದಕ್ಕೆ ನನ್ನ ಪೂರ್ಣ ಒಪ್ಪಿಗೆಯಿದೆ, ಆದರೆ ನೀರಿಗೆ ಹಾಕುವ ಮೊದಲು ಗಾಳಗಳನ್ನು ಬದಲಿಸುವುದು ಅಗತ್ಯ. ಸೀ ಟ್ರೌಟ್‌ನ ಬಾಯಿ ಮೃದು; ಅದಕ್ಕೆಂದು ಕೊಡುವ ಮೂರು ಮುಳ್ಳಿನ ಗಾಳಗಳು ಸಣ್ಣ ತಂತಿಯವು. ಕಾಳಾಂಜಿಯ ಬಾಯಿ ಗಟ್ಟಿ ಎಲುಬಿನದು, ಅದರ ಮೊದಲ ಓಟಕ್ಕೇ ಅಂಥ ಗಾಳದ ಮುಳ್ಳು ನೆಟ್ಟಗಾಗಿಬಿಡುತ್ತದೆ. ಅದನ್ನು ತೆಗೆದು, ದಪ್ಪ ತಂತಿಯ, ಉಪ್ಪುನೀರಿಗೆ ತಾಳುವ ಒಂಟಿ ಗಾಳವನ್ನು ಹಾಕಿ. 1/0 ಅಥವಾ 2/0 ಅಳತೆ ಈ ಸ್ಪೂನ್‌ಗಳಿಗೆ ಹೊಂದುತ್ತದೆ. ಗಾಳವನ್ನು ಹಿಡಿದಿರುವ ಉಂಗುರವನ್ನೂ ಜೊತೆಗೇ ಬದಲಿಸಬೇಕು, ಇಲ್ಲವಾದರೆ ಗಾಳ ಉಳಿದು ಉಂಗುರ ಬಿಚ್ಚಿಕೊಳ್ಳುತ್ತದೆ. ಒಂಟಿ ಗಾಳ ಕಾಂಡ್ಲಾ ಬೇರುಗಳಿಗೆ ಸಿಕ್ಕಿಕೊಳ್ಳುವುದೂ ಕಡಿಮೆ, ಮೀನನ್ನು ಬಿಡಿಸುವುದೂ ಸುಲಭ.

ರೀಲಿಗೆ 20 ಪೌಂಡಿನ ಎಳೆತ ತಾಳುವ ಬ್ರೇಡ್ (ಹೆಣೆದ) ದಾರ ಸಾಕಾದರೂ, ಅದರ ತುದಿಗೆ ಒಂದು ಮೀಟರ್‌ನಷ್ಟು 40 ಪೌಂಡಿನ ತಂಗೂಸು (ನೈಲಾನ್ ದಾರ) ಇರಲೇಬೇಕು. ಕಾಳಾಂಜಿಯ ಕಿವಿರುಮುಚ್ಚಳದ ಅಂಚು ಕತ್ತಿಯಲಗಿನಷ್ಟು ಹರಿತವಾಗಿದ್ದು, ಬ್ರೇಡ್ ಅದಕ್ಕೆ ಒಮ್ಮೆ ಉಜ್ಜಿದರೆ ಮುಗಿಯಿತು; ಸೇತುವೆಯ ಕಂಬಗಳಿಗೆ ಅಂಟಿದ ಚಿಪ್ಪುಗಳ ಮಾತಂತೂ ಹೇಳುವುದೇ ಬೇಡ.

ನಿಮ್ಮ ಡಬ್ಬಿಯಲ್ಲಿ ನಿಜವಾಗಿ ಬೆಲೆಬಾಳುವುದು ಆ ತೂತಿರುವ ಲೂರ್‌ಗಳು ಎಂಬುದು ನನ್ನ ಅಭಿಪ್ರಾಯ. ಸಾಮಾನ್ಯ ಸ್ಪೂನ್ ಕಚ್ಚಿದ ಮೀನು ನೀರಿನಿಂದ ಮೇಲಕ್ಕೆ ಹಾರಿ ತಲೆ ಕೊಡವಿದಾಗ, ಸ್ಪೂನ್‌ನ ಭಾರವೇ ಗಾಳವನ್ನು ಮೀಟಿ ಬಾಯಿಯಿಂದ ಕಿತ್ತುಹಾಕುತ್ತದೆ. ತೂತಿರುವ ಲೂರ್ ಮೀನು ಕಚ್ಚಿದ ಬಳಿಕ ದಾರದ ಮೇಲೆ ಜಾರಿ ಮೇಲಕ್ಕೆ ಸರಿಯುವುದರಿಂದ ಮೀನಿನ ಬಾಯಲ್ಲಿ ಉಳಿಯುವುದು ಗಾಳ ಮಾತ್ರ. ಕೊಡವುವುದಕ್ಕೆ ಅದಕ್ಕೆ ಭಾರವೇ ಸಿಗುವುದಿಲ್ಲ. ಟ್ರೌಟ್‌ಗಿಂತಲೂ ಹೆಚ್ಚು ಹಾರುವ ಕಾಳಾಂಜಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಇಲ್ಲ. ಲೂರ್ ಮತ್ತು ಗಾಳದ ಗಂಟಿನ ನಡುವೆ ಒಂದು ರಬ್ಬರ್ ಮಣಿಯನ್ನು ಪೋಣಿಸಲು ಮರೆಯಬೇಡಿ, ಏಕೆಂದರೆ ಅದಿಲ್ಲದಿದ್ದರೆ ಪ್ರತಿ ಎಸೆತಕ್ಕೂ ಲೋಹದ ಅಂಚು ಗಂಟನ್ನು ಕುಟ್ಟುತ್ತಿರುತ್ತದೆ.

ಉತ್ತರ: ಉಪ್ಪಳ ಅಳಿವೆ

ಇಷ್ಟೊಂದು ಉತ್ಸಾಹಕ್ಕೆ ನನ್ನದೊಂದು ಸಣ್ಣ ತಕರಾರು ಇದೆ. ಸ್ಪೂನ್ ಎಂಬುದು ನೀರು ತಿಳಿಯಾಗಿದ್ದಾಗ, ಬೆಳಕಿದ್ದಾಗ ಕೆಲಸ ಮಾಡುವ ವಸ್ತು. ಮಳೆ ಬಂದು ಉಪನದಿ ಪಯಸ್ವಿನಿಯ ಕೆನ್ನೀರು ಚಂದ್ರಗಿರಿಗೆ ಇಳಿದಾಗ ಬೆಳ್ಳಿಯ ಹೊಳಪು ಮೀನಿಗೆ ಕಾಣಿಸುವುದೇ ಇಲ್ಲ. ಆಗ ನೀರನ್ನು ಬಡಿಯುವ ಅಗಲ ಬಾಲದ ರಬ್ಬರ್ ಮೀನಿಗೋ, ಒಳಗೆ ಗುಂಡು ಕುಲುಕುವ ಪ್ಲಾಸ್ಟಿಕ್ ಮೀನಿಗೋ ಮೊರೆ ಹೋಗಬೇಕಾಗುತ್ತದೆ. ಬಣ್ಣದ ವಿಷಯದಲ್ಲಿ ನನ್ನ ಲೆಕ್ಕ ಸರಳವಾಗಿದೆ: ತಿಳಿನೀರಿಗೆ ಬೆಳ್ಳಿ ಅಥವಾ ಹಸಿರು-ಬಿಳಿ, ಸ್ವಲ್ಪ ಕಲಕಿದ ನೀರಿಗೆ ತಾಮ್ರ, ಮುಸ್ಸಂಜೆಯ ಬಳಿಕ ಕಪ್ಪು. ಇದಕ್ಕಿಂತ ಹೆಚ್ಚು ತಲೆ ಕೆಡಿಸಿಕೊಳ್ಳುವುದು ಅಂಗಡಿಯವರಿಗೆ ಲಾಭ.

ಮೊಗ್ರಾಲ್ ಹೊಳೆಯ ಉದ್ದ 34 ಕಿ.ಮೀ., ಚಂದ್ರಗಿರಿಯದು 105 ಕಿ.ಮೀ. ಮಳೆ ಬಿಟ್ಟ ಮೇಲೆ ಗಿಡ್ಡ ಹೊಳೆ ಬೇಗ ತಿಳಿಯಾಗುವುದರಿಂದ, ಪ್ರಶ್ನೆ ಕೇಳಿದವರು ತಮ್ಮ ಮನೆಯ ಹತ್ತಿರದಲ್ಲಿಯೇ ಆರಂಭಿಸುವುದು ಒಳ್ಳೆಯದು. ಚೆಂಬಲ್ಲಿಯ ಮಾತು ಬೇರೆ. ಅದು ಕಲ್ಲಿನ ಸಂದಿಯಿಂದ ಹೊರಬಂದು ಕಚ್ಚಿದ ಕೂಡಲೇ ಮತ್ತೆ ಅದೇ ಸಂದಿಗೆ ನುಗ್ಗುವ ಮೀನಾದ್ದರಿಂದ ಅದಕ್ಕೆ ಬೆಲೆಬಾಳುವ ಲೂರ್ ಹಾಕದಿರುವುದೇ ಲೇಸು. ನಿಮ್ಮ ಜೀವಂತ ಸಿಗಡಿಯೇ ಅದಕ್ಕೆ ಸಾಕು.

ಪ್ರಶ್ನೆ ಕೇಳಿದವರು: ಮೊಗ್ರಾಲ್ ಹೊಳೆಬದಿ

ಎಲ್ಲರಿಗೂ ಕೃತಜ್ಞತೆಗಳು. ಗಾಳಗಳನ್ನು ಇಂದೇ ಬದಲಿಸುತ್ತೇನೆ. ಇನ್ನೆರಡು ಸಂದೇಹಗಳಿವೆ. ಇಳಿತದ ಯಾವ ಭಾಗದಲ್ಲಿ ಹೋಗಿ ನಿಲ್ಲಬೇಕು? ಹಾಗೆಯೇ, ತುಂಬ ದೊಡ್ಡ ಕಾಳಾಂಜಿ ಸಿಕ್ಕಿದರೆ ಬಿಟ್ಟುಬಿಡಬೇಕೆಂದು ಕೆಲವರು ಹೇಳುವುದನ್ನು ಕೇಳಿದ್ದೇನೆ. ಸಣ್ಣದನ್ನು ಬಿಡುವುದು ಅರ್ಥವಾಗುತ್ತದೆ, ದೊಡ್ಡದನ್ನು ಏಕೆ ಬಿಡಬೇಕು?

ಉತ್ತರ: ತಳಂಗರೆ ಕಡವು

ಉಬ್ಬರ ತುಂಬಿ ನೀರು ನಿಂತಿರುವಾಗ ಹೋಗಿ ಜಾಗ ಹಿಡಿದು, ನೀರು ಹೊರಕ್ಕೆ ತಿರುಗಿದ ಮೊದಲ ಒಂದೆರಡು ಗಂಟೆ ಎಸೆಯಿರಿ. ಕಾಂಡ್ಲಾ ಬೇರುಗಳ ನಡುವೆ ಮೇಯುತ್ತಿದ್ದ ಸಿಗಡಿಯೂ ಮೀನುಮರಿಯೂ ಆಗ ನೀರಿನೊಂದಿಗೆ ಹೊರಬರಲೇಬೇಕಾಗುತ್ತದೆ, ತೋಡಿನ ಬಾಯಿಯಲ್ಲಿ ಕಾಳಾಂಜಿ ಕಾದಿರುತ್ತದೆ. ಅಮಾವಾಸ್ಯೆ ಮತ್ತು ಹುಣ್ಣಿಮೆಯ ಆಚೀಚೆ ಸೆಳೆತ ಜೋರು. ಅಷ್ಟಮಿಯ ಹೊತ್ತಿಗೆ ನೀರಿನ ಓಡಾಟವೇ ಕಡಿಮೆಯಾಗಿ ಮೀನೂ ಮಂಕಾಗಿರುತ್ತದೆ. ಉಬ್ಬರದ ವೇಳೆ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುವುದರಿಂದ, ಇಂದು ಸಂಜೆ ಆರಕ್ಕೆ ತುಂಬಿದ ನೀರು ನಾಳೆ ಏಳರ ಹತ್ತಿರ ತುಂಬುತ್ತದೆ. ಒಂದು ಎಚ್ಚರಿಕೆಯನ್ನು ಹೇಳಲೇಬೇಕು: ಇಳಿತದ ಸೆಳೆತವಿರುವಾಗ ಅಳಿವೆ ಬಾಗಿಲಿನ ಮರಳದಿಣ್ಣೆಯ ತುದಿಯಲ್ಲಿ ನಿಲ್ಲಬೇಡಿ, ಕಾಲಡಿಯ ಮರಳು ಕುಸಿಯುತ್ತದೆ. ಜೂನ್, ಜುಲೈ ತಿಂಗಳುಗಳಲ್ಲಂತೂ ಆ ಕಡೆಗೆ ಹೋಗುವುದೇ ಬೇಡ.

ದೊಡ್ಡ ಮೀನಿನ ವಿಷಯವಾಗಿ ನೀವು ಕೇಳಿದ್ದು ಸರಿಯಾಗಿದೆ. ಕಾಳಾಂಜಿ ಮೊದಲು ಗಂಡಾಗಿ ಪ್ರಾಯಕ್ಕೆ ಬಂದು, ಕೆಲವು ವರ್ಷ ಹಾಗೆಯೇ ಇದ್ದು, ಮುಂದೆ ಹೆಣ್ಣಾಗಿ ಬದಲಾಗುವ ಮೀನು. ಆದ್ದರಿಂದ ಒಂದು ಮೀಟರ್ ಹತ್ತಿರದ ಮೀನುಗಳು ಹೆಚ್ಚಾಗಿ ಹೆಣ್ಣೇ ಆಗಿರುತ್ತವೆ, ಒಂದೊಂದೂ ಲಕ್ಷಗಟ್ಟಲೆ ಮೊಟ್ಟೆಯಿಡುತ್ತದೆ. ದೊಡ್ಡದನ್ನೆಲ್ಲ ಮನೆಗೆ ಒಯ್ದರೆ ಹೊಳೆಯಲ್ಲಿ ಗಂಡುಗಳು ಮಾತ್ರ ಉಳಿಯುತ್ತವೆ. ಡೆನ್ಮಾರ್ಕಿನಲ್ಲಿಯೂ ಮೊಟ್ಟೆಯಿಡಲು ಬಣ್ಣ ತಿರುಗಿದ ಸೀ ಟ್ರೌಟ್ ನವೆಂಬರ್ 16ರಿಂದ ಜನವರಿ 15ರವರೆಗೆ ಕಡಲಿನಲ್ಲಿ ಸಿಕ್ಕಿದರೆ ಬಿಟ್ಟುಬಿಡಬೇಕೆಂಬ ನಿಯಮವಿದೆ. ನಿಮ್ಮ ಭಾವನವರಿಗೆ ಅದು ಪರಿಚಿತವೇ ಇರಬಹುದು. ಊಟಕ್ಕೆ ಎರಡು-ಮೂರು ಕಿಲೋ ತೂಕದ ಮೀನು ರುಚಿಯಲ್ಲಿಯೂ ಮೇಲು.

ಬಿಡುವಾಗ ಕಿವಿರಿನೊಳಗೆ ಕೈ ಹಾಕದೆ, ಕೆಳದವಡೆಯನ್ನು ಒಂದು ಕೈಯಿಂದ, ಹೊಟ್ಟೆಯನ್ನು ಇನ್ನೊಂದು ಕೈಯಿಂದ ಆಧರಿಸಿ, ನೀರಿನಲ್ಲಿಯೇ ಇಟ್ಟು ಗಾಳವನ್ನು ಇಕ್ಕಳದಿಂದ ಬಿಡಿಸಿ. ಮೀನು ತಾನಾಗಿ ಬಾಲ ಬೀಸುವವರೆಗೆ ಅದರ ಮುಖವನ್ನು ಪ್ರವಾಹದ ಕಡೆಗೆ ಹಿಡಿದಿರಬೇಕು.

ಉತ್ತರ: ಕೀಯೂರಿನ ಓದುಗ

ಮನೆಗೆ ಬಂದ ಮೇಲೆ ಲೂರ್‌ಗಳನ್ನು ಬಾವಿಯ ನೀರಿನಲ್ಲಿ ತೊಳೆದು, ಒಣಗಿಸಿಯೇ ಡಬ್ಬಿಗೆ ಹಾಕಿ. ಉಪ್ಪು ಹಿಡಿದ ಒಂದು ಸ್ಪೂನ್ ಒಳಗಿದ್ದರೆ ಪಕ್ಕದ ಹೊಸ ಗಾಳಗಳಿಗೂ ತುಕ್ಕು ಹತ್ತುತ್ತದೆ. ತಾಮ್ರದ್ದು ಕಪ್ಪಾದರೆ ಹುಣಸೆಹಣ್ಣಿನಿಂದ ಉಜ್ಜಬಹುದು, ಆದರೆ ಬಣ್ಣ ಬಳಿದವುಗಳಿಗೆ ಅದನ್ನು ಮುಟ್ಟಿಸಬೇಡಿ.