ಮೈಸೂರು ಯಾರ್ಡಿನ ಎಲ್ಲಾ ಹಳಿಗೂ 'ಹಾಸನ ಲೈನ್' ಹೆಸರು ಬರ್ತಿದೆ, ಸರಿಮಾಡೋದು ಹೇಗೆ?

ಹಳಿಹುಚ್ಚ:
ಯಾರು ಬೇಕಾದರೂ ತಿದ್ದಬಹುದಾದ ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆಯಲ್ಲಿ ನಾನು ಬೆಳಗೊಳ, ಸಾಗರಕಟ್ಟೆ ಕಡೆಯ ಹಳಿಗೆ 'ಮೈಸೂರು–ಹಾಸನ ಲೈನ್' ಎಂದು ಹೆಸರು ಹಾಕಿದೆ. ಜರ್ಮನಿಯ ನಕ್ಷೆಯಲ್ಲಿ ಲೈನ್‌ಗಳಿಗೆ ನಂಬರ್ ಇದ್ದಿದ್ದು ನೋಡಿ, ರೆಫ್ (ನಂಬರ್ ಅಥವಾ ಕೋಡ್ ಬರೆಯುವ) ಜಾಗದಲ್ಲಿ 'ಎಂವೈಎಸ್-ಎಚ್‌ಎಎಸ್' ಅಂತಾನೂ ಬರೆದೆ. ಈಗ ಅದೇ ಮಾಹಿತಿಯಿಂದ ರೈಲು ಹಳಿ ತೋರಿಸುವ ಓಪನ್‌ರೈಲ್ವೇಮ್ಯಾಪ್ ತೆರೆದರೆ ಮೈಸೂರು ಸ್ಟೇಷನ್ ತುಂಬಾ ಅದೇ ಹೆಸರು. ಕೆಲವನ್ನು ಅಳಿಸಿದರೂ ಹೋಗಿಲ್ಲ. ಮಂಡ್ಯದ ಹತ್ತಿರ ಯಾರೋ ಹಳಿಗೇ 'ಚಾಮುಂಡಿ ಎಕ್ಸ್‌ಪ್ರೆಸ್' ಎಂದು ಹಾಕಿದ್ದಾರೆ. ತೆಗೆಯಲಾ?

ಕೆ.ಆರ್.ನಗರ ಪ್ಯಾಸೆಂಜರ್:
ಯಾರ್ಡಿನ ಹಳಿ ಎಳೆಯುವಾಗ ಮೇನ್ ಲೈನಿನ ಟ್ಯಾಗ್ (ಹಳಿಗೆ ಅಂಟಿಸುವ ಹೆಸರು, ಬಗೆಯಂಥ ವಿವರ) ಕಾಪಿ ಮಾಡಿದ್ರಾ? ಹಾಗಾದರೆ ಹೆಸರೂ ಜೊತೆಗೇ ಬಂದಿರುತ್ತೆ. ಆ ಹಳಿಗಳಲ್ಲಿ ನೇಮ್ ತೆಗೆದು 'ಸರ್ವಿಸ್' ಟ್ಯಾಗಿಗೆ 'ಯಾರ್ಡ್' ಎಂದು ಕೊಡಿ. ಎಡಿಟರಿನಲ್ಲಿ ಹೋಗಿದ್ದರೆ ಹೋಯ್ತು ಅಂತಲೇ ಲೆಕ್ಕ, ನಕ್ಷೆಯ ಚಿತ್ರ ಹೊಸದಾಗಲು ಸ್ವಲ್ಪ ಹೊತ್ತು ಬೇಕು.

ಚಾಮುಂಡಿಯನ್ನು ಧಾರಾಳವಾಗಿ ತೆಗೆಯಿರಿ. ಅದೇ ಹಳಿ ಮೇಲೆ ದಿನಕ್ಕೆ ಎಷ್ಟು ಗಾಡಿ ಓಡುತ್ತವೆ, ಎಲ್ಲದರ ಹೆಸರೂ ಬರೆಯೋಕಾಗುತ್ತಾ? ಗಾಡಿಗೆ ಬೇರೆ ರಿಲೇಶನ್ (ಹಲವು ಹಳಿ ತುಂಡುಗಳನ್ನು ಒಟ್ಟುಗೂಡಿಸುವ ಗುಂಪು) ಇದೆ, ಅದರ ರೂಟ್ ಟ್ಯಾಗ್ 'ಟ್ರೈನ್'. ಲೈನಿಗೆ ರೂಟ್ 'ರೈಲ್ವೇ'. ಬೆಂಗಳೂರು ಕಡೆ ಜೋಡಿ ಹಳಿ, ಎರಡನ್ನೂ ಲೈನಿನ ಒಂದೇ ರಿಲೇಶನ್ನಿಗೆ ಸೇರಿಸಿ, ಹೆಸರು ಅಲ್ಲಿ ಒಂದೇ ಸಲ ಬರೆದರೆ ಸಾಕು.

ರೆಫ್ ಮಾತ್ರ ದಯವಿಟ್ಟು ಬೇಡ. ಜರ್ಮನಿಯಲ್ಲಿ ಲೈನ್ ನಂಬರ್ ಅಧಿಕೃತವಾಗಿಯೇ ಇದೆ. ನೀವು ಬರೆದದ್ದು ಎರಡು ಸ್ಟೇಷನ್ನಿನ ಕೋಡ್, ಅದರ ಜಾಗ ಸ್ಟೇಷನ್ನಿನ ಚುಕ್ಕೆಯಲ್ಲಿ. ಮಂಡ್ಯಕ್ಕೆ 'ಎಂವೈಎ', ಶ್ರೀರಂಗಪಟ್ಟಣಕ್ಕೆ ಒಂಟಿ ಅಕ್ಷರ 'ಎಸ್'. ಅದನ್ನು ನೋಡಿ ಯಾರೋ ತಪ್ಪು ಅಂತ ಅಳಿಸಿದ್ದರು, ಪಾಪ!

ಹಳಿಹುಚ್ಚ:
ಹೌದು, ಕಾಪಿಯದ್ದೇ ಕಿತಾಪತಿ. 11 ಹಳಿಗೆ ಅಂಟಿತ್ತು. ಇನ್ನೊಂದು ಡೌಟು: ಚಾಮರಾಜಪುರಂ, ಅಶೋಕಪುರಂ ಮೇಲೆ ಹೋಗುವುದನ್ನು ನಮ್ಮ ಮನೇಲಿ ನಂಜನಗೂಡು ಲೈನ್ ಅಂತಾರೆ. ಹಾಗೇ ಹಾಕಲಾ?

ಕೆ.ಆರ್.ನಗರ ಪ್ಯಾಸೆಂಜರ್:
ಹಳಿ ಮುಗಿಯೋದು ಚಾಮರಾಜನಗರದಲ್ಲಿ ಅಲ್ವಾ? ನೇಮ್‌ನಲ್ಲಿ 'ಮೈಸೂರು–ಚಾಮರಾಜನಗರ' ಇರಲಿ. ಮನೆಮಾತಿನ ಹೆಸರಿಗೆ 'ಲೋಕ್‌ನೇಮ್' ಟ್ಯಾಗ್ ಇದೆ, ಅಲ್ಲಿ ಹಾಕಿ. ನೇಮ್‌ನಲ್ಲಿ ಈಗಾಗಲೇ ಇಂಗ್ಲಿಷ್ ಇದ್ದರೆ ಸುಮ್ನೆ ಜಗಳಕ್ಕೆ ಹೋಗಬೇಡಿ, ಕನ್ನಡವನ್ನು 'ನೇಮ್:ಕೆಎನ್'ನಲ್ಲಿ ತುಂಬಿ. ಭಾಷೆ ಆರಿಸಿಕೊಳ್ಳುವ ನಕ್ಷೆಗಳು ಅಲ್ಲಿಂದಲೇ ಎತ್ತಿಕೊಳ್ಳುತ್ತವೆ.

ಹಳಿಹುಚ್ಚ:
ಆಯ್ತು. ಕಡಕೊಳದವರೆಗೆ ಸೇರಿಸಿದ್ದೇನೆ, ಉಳಿದದ್ದು ರಾತ್ರಿ ಊಟ ಆದಮೇಲೆ.